ಮಾಸ್ತರ ಹೊಂಡ

ನಮ್ಮ ಸವದತ್ತಿ ಸೀಮೆಯವರಿಗೆ ನೀರೆಂದರೆ ಒಂದೋ ಜಾತ್ರೆ, ಇಲ್ಲವೇ ಜಗಳ. ನಡುವಣ ಸ್ಥಿತಿಯನ್ನು ನಾವು ಹೆಚ್ಚು ಕಂಡವರಲ್ಲ. ಊರಿನ ಮಗ್ಗುಲಲ್ಲಿಯೇ, ನವಿಲುತೀರ್ಥದ ಗುಡ್ಡಗಳ ಇಕ್ಕಟ್ಟಿನಲ್ಲಿ, ಮಲಪ್ರಭೆಯನ್ನು ತಡೆದು ನಿಲ್ಲಿಸಿದ ಆಣೆಕಟ್ಟಿದೆ. ಅದರ ಹಿಂದಿನ ರೇಣುಕಾಸಾಗರ ತುಂಬಿದರೆ ನೀರಿನ ಮಟ್ಟ 2079.50 ಅಡಿ; ಒಳಗೆ ನಿಲ್ಲುವ ನೀರು 37.73 ಟಿ.ಎಂ.ಸಿ. ಮಳೆಗಾಲದಲ್ಲಿ ಚಹಾದಂಗಡಿಯ ಬಾಕಿನ ಮೇಲೆ ಕುಳಿತವರು ಈ ಮಟ್ಟದ ಮಾತನ್ನು ಜೋಳದ ಧಾರಣೆಯಷ್ಟೇ ಆಸ್ಥೆಯಿಂದ ಆಡುತ್ತಾರೆ. ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಭಕ್ತರು ಜೋಗುಳಬಾವಿಯಲ್ಲಿ ಮಿಂದು, ಗುಡ್ಡದ ಮೇಲಿನ ಎಣ್ಣೆಹೊಂಡದಲ್ಲಿ ಇನ್ನೊಮ್ಮೆ ಮೀಯುತ್ತಾರೆ. ಇಷ್ಟೆಲ್ಲ ನೀರಿನ ಹೆಸರುಗಳಿದ್ದೂ, ಏಪ್ರಿಲ್ ಬಂತೆಂದರೆ ಎಷ್ಟೋ ಕಡೆ ನಳದ ಮುಂದೆ ಪ್ಲಾಸ್ಟಿಕ್ ಕೊಡಗಳು ಸಾಲಾಗಿ ಕುಳಿತುಬಿಡುತ್ತವೆ. ಇಂಥ ಸೀಮೆಯಲ್ಲಿ ಹೊಲದ ಮೂಲೆಗೆ ಈಜುಗೊಳ ಕಟ್ಟಿಸಿದವನನ್ನು ಜನ ಏನೆಂದಾರು? ಅದನ್ನು ಹೇಳುವುದಕ್ಕಾಗಿಯೇ ಈ ನಾಲ್ಕು ಪುಟ.

ಕಟ್ಟಿಸುವ ವಿಚಾರ ನನ್ನದಲ್ಲ, ಮಗನದು. ಆತ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ನಾನು ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಕಲಿಸಿ ನಿವೃತ್ತನಾದ ಮೇಲೆ, ಹಿರಿಯರಿಂದ ಬಂದ ನಾಲ್ಕು ಎಕರೆ ಹೊಲದಲ್ಲಿ ಒಂದು ಸಣ್ಣ ಮನೆ ಹಾಕಿಕೊಂಡು ಅಲ್ಲಿಯೇ ಇದ್ದುಬಿಟ್ಟೆ. ಒಂದು ದೀಪಾವಳಿಗೆ ಬಂದ ಮಗ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಮಾತು ತೆಗೆದ.

“ಅಪ್ಪಾ, ಸೂಟಿಗೆ ಹುಡುಗರು ಬಂದ್ರ ಇಲ್ಲೇನ ಮಾಡಬೇಕು? ಒಂದು ಸ್ವಿಮ್ಮಿಂಗ್ ಪೂಲ್ ಮಾಡ್ಸೂಣು.”

“ಬಾವಿ ಐತಲ್ಲೋ.”

“ಬಾವ್ಯಾಗ ನೀರೆಲ್ಲೈತಿ?”

ಅವನ ಮಾತು ಖರೆ. ನಮ್ಮ ಬಾವಿಯಲ್ಲಿ ನೀರು ಕಂಡು ಇಪ್ಪತ್ತು ವರ್ಷದ ಮೇಲಾಗಿತ್ತು. ಸುತ್ತಲಿನ ಹೊಲಗಳಲ್ಲಿ ಬೋರು ಕೊರೆದಂತೆಲ್ಲ ಬಾವಿಯ ಸೆಲೆ ಕೆಳಕ್ಕೆ ಇಳಿದು, ಕೊನೆಗೆ ಪಾರಿವಾಳಗಳಿಗೆ ಮನೆಯಾಗಿ ಉಳಿದಿತ್ತು. ಆದರೆ ನಾನು ಈಜು ಕಲಿತದ್ದು ಅದರಲ್ಲಿಯೇ. ಆಗ ನಮ್ಮ ಕಡೆ ಈಜುಗೊಳ ಎಂಬ ಶಬ್ದ ಪುಸ್ತಕದಲ್ಲಿತ್ತು, ಈಸುವುದು ಬಾವಿಯಲ್ಲಿತ್ತು. ನಡುವಿಗೆ ಹಗ್ಗ, ಬೆನ್ನಿಗೆ ಒಣಗಿದ ಸೋರೆಬುರುಡೆ ಅಥವಾ ಮುಚ್ಚಳ ಬಿಗಿದ ಖಾಲಿ ಡಬ್ಬಿ ಕಟ್ಟಿ, ಮೇಲಿನಿಂದ ಕಾಕಾನೋ ಮಾವನೋ ನೂಕಿಬಿಡುತ್ತಿದ್ದರು. ಮೂಗಿನಲ್ಲಿ ನೀರು ಹೋಗಿ ಕಣ್ಣಲ್ಲಿ ಬರುತ್ತಿತ್ತು. ಎಂಟು ದಿನಕ್ಕೆ ಡಬ್ಬಿ ಬಿಡಿಸಿದರೆ ಪಾಸಾದಂತೆ.

ಹಾಗಿದ್ದರೂ ಆ ಬಾವಿ ಎಲ್ಲರ ಬಾವಿಯಾಗಿರಲಿಲ್ಲ. ಓಣಿಯ ಹುಡುಗರು ಮಧ್ಯಾಹ್ನವಿಡೀ ಅದರಲ್ಲಿ ಬಿದ್ದಿರುತ್ತಿದ್ದರು, ಹಿರಿಯರು ಬೈಯುತ್ತಲೇ ಸುಮ್ಮನಿರುತ್ತಿದ್ದರು. ಆದರೆ ಊರ ಹೊರಗಿನ ಕೇರಿಯ ಹುಡುಗರು ಅದರ ಮೆಟ್ಟಿಲಿಳಿಯುವಂತಿರಲಿಲ್ಲ. ಅವರು ಕಲ್ಲು ತೆಗೆದು ಬಿಟ್ಟ ಕಣಿಯೊಳಗೆ ಮಳೆಗಾಲದಲ್ಲಿ ನಿಂತ ರಾಡಿ ನೀರಿನಲ್ಲಿ ಈಸುತ್ತಿದ್ದರು. ನನ್ನ ವರ್ಗದ ಗೆಳೆಯನೊಬ್ಬ ಆ ಕಣಿಯಲ್ಲಿ ಕಲಿತವನು. ನಮಗಿಂತ ಚೆನ್ನಾಗಿ ಈಸುತ್ತಿದ್ದ. ಡಾ. ಅಂಬೇಡ್ಕರರು ಮಹಾಡದ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದದ್ದು 1927ರ ಮಾರ್ಚ್ 20ರಂದು. ಅದಾಗಿ ಮೂವತ್ತೈದು ವರ್ಷವಾಗಿದ್ದರೂ ನಮ್ಮ ಬಾವಿಯ ಮೆಟ್ಟಿಲಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಇನ್ನು ಹೆಣ್ಣುಮಕ್ಕಳ ಮಾತೇ ಬೇಡ. ಬಾವಿಯ ದಂಡೆ ಅವರಿಗೆ ಕೊಡ ತುಂಬುವ ಜಾಗ, ಬಟ್ಟೆ ಒಗೆಯುವ ಜಾಗ. ಒಳಗೆ ಇಳಿದು ಈಸುವ ಜಾಗವಲ್ಲ.

ಮಗನ ಮಾತಿಗೆ ನಾನು ಕೂಡಲೇ ಹೂಂ ಅನ್ನಲಿಲ್ಲ. ಮಾಸ್ತರನ ಚಟ, ಮೊದಲು ಲೆಕ್ಕ ಹಾಕಲು ಕುಳಿತೆ. ಆತ ಹೇಳಿದ ಅಳತೆ 30 ಅಡಿ ಉದ್ದ, 15 ಅಡಿ ಅಗಲ; ಆಳ ಒಂದು ತುದಿಗೆ ಮೂರೂವರೆ ಅಡಿ, ಇನ್ನೊಂದು ತುದಿಗೆ 5 ಅಡಿ. ಸರಾಸರಿ ಹಿಡಿದರೆ ಸುಮಾರು 54,000 ಲೀಟರ್ ನೀರು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ಎಂದು ಗುರಿ ಇಟ್ಟುಕೊಂಡಿತು. ಆ ಲೆಕ್ಕದಲ್ಲಿ ನಮ್ಮ ಕೊಳದ ನೀರು ಐದು ಜನರ ಮನೆಗೆ ಆರು ತಿಂಗಳ ಮೇಲೆ ಸಾಲುತ್ತದೆ. ಅಷ್ಟು ನೀರನ್ನು ಬೋರಿನಿಂದ ಎಳೆದು ಮೊಮ್ಮಕ್ಕಳ ಆಟಕ್ಕೆ ನಿಲ್ಲಿಸುವುದು ನನಗೆ ಸರಿಬರಲಿಲ್ಲ. ಹಾಗೆಂದು ಹೇಳಿದೆ.

ಮಗನೂ ಮಾಸ್ತರನ ಮಗನೇ. ಆತ ಕಾಗದವನ್ನು ತಿರುವಿ ಬೇರೆ ಲೆಕ್ಕ ಬರೆದ. ನಮ್ಮ ಮನೆಯ ಸ್ಲ್ಯಾಬು 1,500 ಚದರ ಅಡಿ, ಅಂದರೆ 139 ಚದರ ಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 550 ಮಿಲಿಮೀಟರ್ ಮಳೆ ಹಿಡಿದರೂ, ಸೋರಿ ಆರಿ ಹೋದದ್ದನ್ನು ಕಳೆದು, 60,000 ಲೀಟರಿಗೆ ಮೋಸವಿಲ್ಲ. “ಮಾಳಿಗಿ ನೀರೇ ಹೊಂಡ ತುಂಬಸ್ತೈತಿ, ಬೋರಿನ ಗುಂಡಿ ಮುಟ್ಟೂದ ಬ್ಯಾಡ” ಎಂದ. ಇಷ್ಟು ವರ್ಷ ಆ ನೀರು ಅಂಗಳದ ಮಣ್ಣನ್ನು ಕೊಚ್ಚಿಕೊಂಡು ಹಳ್ಳಕ್ಕೆ ಹೋಗುತ್ತಿದ್ದುದನ್ನು ನಾನೇ ಜಗುಲಿಯ ಮೇಲೆ ಕುಳಿತು ನೋಡಿದವನು. ಲೆಕ್ಕಕ್ಕೆ ಎದುರು ಮಾತಾಡುವುದು ನನ್ನ ವೃತ್ತಿಧರ್ಮಕ್ಕೆ ಒಗ್ಗದು. ಒಪ್ಪಿದೆ, ಆದರೆ ಮೊದಲ ತುಂಬು ಮಳೆಯದೇ ಆಗಬೇಕು ಎಂದು ಕರಾರು ಹಾಕಿದೆ.

ಇನ್ನೊಂದು ದಾರಿಯೂ ಇತ್ತು: ಕೃಷಿ ಹೊಂಡ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದಂದಿನಿಂದ ನಮ್ಮ ಎರಿ ಹೊಲಗಳಲ್ಲಿ ಚೌಕನೆಯ ಹೊಂಡಗಳು ಎದ್ದವು. ದೊಡ್ಡದು 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ. ಇಳಿಜಾರು ದಂಡೆ ಬಿಟ್ಟು ಲೆಕ್ಕ ಹಾಕಿದರೂ ಹತ್ತು ಲಕ್ಷ ಲೀಟರಿನ ಹತ್ತಿರ ಹತ್ತಿರ. ಒಣ ಬೇಸಾಯದವನಿಗೆ ಅದು ನಿಜಕ್ಕೂ ಭಾಗ್ಯವೇ. ಬಾಡುವ ಬೆಳೆಗೆ ಒಂದು ನೀರು ಕೊಟ್ಟರೆ ಕಾಳು ಕಟ್ಟುತ್ತದೆ. ಆದರೆ ಅದು ಬೆಳೆಯ ಹೊಂಡ, ಮಕ್ಕಳದಲ್ಲ. ತಳಕ್ಕೂ ದಂಡೆಗೂ ಹಾಸಿದ ಪ್ಲಾಸ್ಟಿಕ್ ಹಾಳೆ ನೀರು ತಾಗಿದರೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಈಸು ಬಲ್ಲ ಗಂಡಸೇ ಬಿದ್ದರೂ ಹತ್ತಿ ಬರಲು ಹಿಡಿ ಸಿಗುವುದಿಲ್ಲ. ಅದಕ್ಕೆಂದೇ ಸುತ್ತಲೂ ಬೇಲಿ ಬೇಕು. ಗಂಟು ಹಾಕಿದ ಹಗ್ಗವೊಂದನ್ನು ಗೂಟಕ್ಕೆ ಕಟ್ಟಿ ಒಳಗೆ ಇಳಿಬಿಟ್ಟಿರಬೇಕು. ನಮ್ಮ ನೆರೆಯ ಹೊಲದವರು ಹಾಗೆ ಹಗ್ಗಕ್ಕೆ ಹಳೆಯ ಟೈರುಗಳನ್ನು ಕಟ್ಟಿ ಬಿಟ್ಟಿದ್ದಾರೆ. ನೋಡಲು ಅಂದವಿಲ್ಲ, ಆದರೆ ಆ ಟೈರುಗಳಷ್ಟು ಪುಣ್ಯದ ವಸ್ತು ಇಡೀ ಹೊಲದಲ್ಲಿ ಇನ್ನೊಂದಿಲ್ಲ.

ಕೊಳವೇ ಎಂದಾದ ಮೇಲೆ ಎಂಥ ಕೊಳ ಎಂಬ ಪ್ರಶ್ನೆ ಬಂತು. ಹೆಣ್ಣು ನೋಡಲು ಹೋದವರಂತೆ ನಾವು ಮೂರು ಬಗೆ ನೋಡಿದೆವು. ಒಂದು, ಕಾರಖಾನೆಯಲ್ಲಿಯೇ ಎರಕ ಹೊಯ್ದ ಫೈಬರಿನ ಕೊಳ. ದೊಡ್ಡ ಬಾನಿಯಂತಿರುತ್ತದೆ, ಲಾರಿಯಲ್ಲಿ ತಂದು ಕ್ರೇನಿನಿಂದ ಕುಣಿಗೆ ಇಳಿಸಿದರಾಯಿತು. ಆದರೆ ನಮ್ಮ ಹೊಲದ ದಾರಿ ಎರಡು ಚಕ್ಕಡಿ ಎದುರಾದರೆ ಒಂದು ಹಿಂದೆ ಸರಿಯಬೇಕಾದ ದಾರಿ. ಬಾನಿ ಬರುವುದೆಂತು? ಎರಡನೆಯದು, ಗೋಡೆ ಕಟ್ಟಿ ಒಳಗೆ ವಿನೈಲ್ ಹಾಳೆ ಹೊದಿಸುವುದು. ಖರ್ಚು ಕಡಿಮೆ, ಕಾಲಿಗೆ ಮೆತ್ತಗೆ. ಆದರೆ ಕೆಲವು ವರ್ಷಕ್ಕೊಮ್ಮೆ ಹಾಳೆ ಬದಲಿಸಬೇಕು. ಹೊಲದ ಹೆಗ್ಗಣ, ನಾಯಿಯ ಉಗುರು, ಜಾಲಿಯ ಮುಳ್ಳು ಇವುಗಳ ಮುಂದೆ ಅದರ ಆಯುಷ್ಯ ದೇವರೇ ಬಲ್ಲ. ಮೂರನೆಯದು, ಕಬ್ಬಿಣ ಕಟ್ಟಿ ಕಾಂಕ್ರೀಟು ಹಾಕಿ, ನೀರು ಇಂಗದ ಲೇಪ ಕೊಟ್ಟು, ಮೇಲೆ ಬಿಲ್ಲೆ ಕೂಡಿಸುವುದು. ಖರ್ಚು ಹೆಚ್ಚು, ಕಾಲವೂ ಹೆಚ್ಚು, ಬಾಳಿಕೆಯೂ ಹೆಚ್ಚು.

ನಾನು ಮೂರನೆಯದಕ್ಕೇ ಕೈ ಎತ್ತಿದೆ. ಮೊಹೆಂಜೊದಾರೊದ ಮಹಾಸ್ನಾನಗೃಹದ ಪಾಠವನ್ನು ಎಷ್ಟು ವರ್ಷ ಹೇಳಿದ್ದೇನೆ! ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳ. ಇಟ್ಟಿಗೆಗಳ ಸಂದಿಗೆ ಜಿಪ್ಸಮ್ ಗಾರೆ, ಹಿಂದೆ ಡಾಂಬರಿನಂಥ ಲೇಪ. ನಾಲ್ಕು ಸಾವಿರ ವರ್ಷಗಳ ಹಿಂದಿನವರೂ ನೀರು ಸೋರದಂತೆ ಮಾಡುವುದು ಹೇಗೆಂದೇ ತಲೆ ಕೆಡಿಸಿಕೊಂಡಿದ್ದರು. ದೂರ ಯಾಕೆ, ನಮ್ಮ ಕಿತ್ತೂರಿನ ಕೋಟೆಯನ್ನೇ ನೋಡಿ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಅವರು 1824ರ ಯುದ್ಧದ ಕಥೆಯನ್ನು ಬಾಯಿ ತೆರೆದು ಕೇಳುತ್ತಿದ್ದರು. ಆದರೆ ಹಾಳು ಅರಮನೆಯಲ್ಲಿ ಅವರ ಕಾಲು ನಿಲ್ಲುತ್ತಿದ್ದುದು ಸ್ನಾನದ ತೊಟ್ಟಿಗಳ ಮುಂದೆ. “ರಾಣಿ ಇದರಾಗ ಜಳಕಾ ಮಾಡತಿದ್ಲೇನ್ರಿ ಸರ್?” ಎಂಬ ಪ್ರಶ್ನೆ ಯಾವ ವರ್ಷವೂ ತಪ್ಪಲಿಲ್ಲ.

ಕಟ್ಟುವ ಜಾಗದ ಮೇಲೆ ಇನ್ನೂ ದೊಡ್ಡ ಚರ್ಚೆಯಾಯಿತು. ಮಗನಿಗೆ ಮನೆಯ ಮುಂದೆಯೇ ಬೇಕಾಗಿತ್ತು. ಅದು ಎರಿ ಮಣ್ಣು. ಎರಿ ಮಣ್ಣಿನ ಸ್ವಭಾವ ರೈತನಿಗೆ ಗೊತ್ತು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಪದರುಗಳ ನಡುವೆ ನೀರು ಹೊಕ್ಕು ಅವುಗಳನ್ನು ದೂರ ಸರಿಸುವುದರಿಂದ ಈ ಉಬ್ಬು. ಅಂಥ ಮಣ್ಣಿನಲ್ಲಿ ಕೂತ ಕೊಳದ ಗೋಡೆಯನ್ನು ಮಳೆಗಾಲ ಒಳಕ್ಕೆ ತಳ್ಳುತ್ತದೆ, ಬೇಸಿಗೆ ಕೈ ಬಿಡುತ್ತದೆ. ಹಾಗೆ ನೂಕಿಸಿಕೊಂಡು ಯಾವ ಗೋಡೆ ಎಷ್ಟು ವರ್ಷ ನಿಂತೀತು? ಬೆಳಗಾವಿಯಿಂದ ಬಂದ ಎಂಜಿನಿಯರರೂ ಅದನ್ನೇ ಹೇಳಿದರು. ಕಡೆಗೆ ಹೊಲದ ಮೇಲಿನ ಮೂಲೆಯಲ್ಲಿ, ಒಂದೆರಡು ಅಡಿ ಮಸಾರಿಯ ಕೆಳಗೆ ಗಟ್ಟಿ ಗರಸು ಹತ್ತಿದ ಕಡೆ, ಜಾಗ ನಿಂತಿತು. ಗೋಡೆಯ ಹೊರಗೆ ಎರಿ ಮಣ್ಣು ಸೋಕದಂತೆ ಗರಸನ್ನೇ ತುಂಬಿ ದಮ್ಮಸು ಮಾಡಿದರು.

ನಾನು ಸೇರಿಸಿದ್ದು ಒಂದೇ: ಮೆಟ್ಟಿಲು. ಚಿತ್ರದಲ್ಲಿ ಒಂದು ಮೂಲೆಗೆ ಹೊಳೆಯುವ ಉಕ್ಕಿನ ನಿಚ್ಚಣಿಕೆ ಇತ್ತು. ಅದು ಈಸು ಬಲ್ಲವರಿಗೆ. ಹೆದರುವವರಿಗೆ, ಮುದುಕರಿಗೆ, ಮಕ್ಕಳಿಗೆ ಬೇಕಾದದ್ದು ಮೆಟ್ಟಿಲು. ಲಕ್ಕುಂಡಿಯ ಮುಸುಕಿನ ಬಾವಿಯಲ್ಲಿ, ಹಂಪಿಯ ಪುಷ್ಕರಣಿಯಲ್ಲಿ ನೀರು ಎಷ್ಟೇ ಇಳಿಯಲಿ ಏರಲಿ, ಕಾಲಿಡಲು ಒಂದು ಮೆಟ್ಟಿಲು ಕಾದಿರುತ್ತದೆ. ಹಾಗೆಯೇ ನಮ್ಮ ಕೊಳದ ಕಡಿಮೆ ಆಳದ ಕಡೆ 15 ಅಡಿ ಅಗಲಕ್ಕೂ ಮೆಟ್ಟಿಲು ಬೇಕೆಂದೆ. “ಈಸೂ ಜಾಗ ಕಡಿಮಿ ಆಗ್ತೈತಿ” ಎಂದು ಮಗ ಗೊಣಗಿದ. ಆಗಲಿ ಎಂದೆ.

2022ರ ಬೇಸಿಗೆಯಲ್ಲಿ ಕುಣಿ ತೋಡಿದರು. ಖರ್ಚಿನ ಮಾತು ಬೇಡ. ಆ ಹಣಕ್ಕೆ ಟ್ರೇಲರು ಸಹಿತ ಟ್ರ್ಯಾಕ್ಟರು ಬರುತ್ತಿತ್ತು ಎಂದು ಊರವರು ಈಗಲೂ ಹೇಳುತ್ತಾರೆ, ಅದು ಸುಳ್ಳಲ್ಲ. ತೆಗೆದ ಮಣ್ಣನ್ನು ಹಾಳು ಬಾವಿಗೆ ಹಾಕಿಬಿಟ್ಟರೆ ಎರಡೂ ಕೆಲಸವಾಗುತ್ತವೆ ಎಂದು ಗುತ್ತಿಗೆದಾರ ಸಲಹೆ ಕೊಟ್ಟ. ಬಾವಿ ಮುಚ್ಚಲು ನಾನು ಬಿಡಲಿಲ್ಲ. ಅದರ ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿಸಿ, ಕೊಳ ತುಂಬಿದ ಮೇಲೆ ಹೆಚ್ಚಾದ ಮಾಳಿಗೆಯ ನೀರು ಜಲ್ಲಿ ಮರಳಿನಲ್ಲಿ ಸೋಸಿ ಅದರೊಳಗೆ ಬೀಳುವಂತೆ ಕೊಳವೆ ಕೂಡಿಸಿದೆವು.

ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟೆವು. ಮಾಳಿಗೆಯ ಧೂಳು ತೊಳೆಯಬೇಕಲ್ಲ. ಮುಂದೆ ಪ್ರತಿ ಮಳೆಗೆ ಎರಡು ಬೆರಳು, ನಾಲ್ಕು ಬೆರಳು ಎಂದು ನೀರು ಏರತೊಡಗಿತು. ಗೋಡೆಯ ಬಿಲ್ಲೆಗಳನ್ನು ಎಣಿಸುವುದೇ ನನಗೆ ಬೆಳಗಿನ ಪೂಜೆಯಾಯಿತು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಅಂಚಿನವರೆಗೆ ಬಂತು. ಆಮೇಲೆ ದಿನದಿನಕ್ಕೂ ಒಂದಿಷ್ಟು ಇಳಿಯತೊಡಗಿತು. ಕೊಳ ಸೋರುತ್ತದೆ ಎಂದು ಊರಲ್ಲಿ ಪುಕಾರು ಹುಟ್ಟಿತು. ಮಾಸ್ತರನ ಟ್ರ್ಯಾಕ್ಟರು ನೆಲದೊಳಗೆ ಇಂಗಿ ಹೋಯಿತಂತೆ!

ಇಂಥ ಪುಕಾರಿಗೆ ಒಂದು ಬಕೆಟ್ ಸಾಕು. ಕೊಳವಿರುವ ಯಾರಿಗಾದರೂ ಉಪಯೋಗಕ್ಕೆ ಬಂದೀತು, ಕೇಳಿ. ಒಂದು ಬಕೆಟ್ಟಿಗೆ ಕೊಳದ ನೀರನ್ನೇ ತುಂಬಿ ಮೆಟ್ಟಿಲ ಮೇಲೆ, ಅದರ ಮೈ ನೀರಿನಲ್ಲಿರುವಂತೆ ಇಡಬೇಕು. ಬಕೆಟ್ಟಿನ ಒಳಗಿನ ನೀರಿನ ಮಟ್ಟಕ್ಕೂ ಹೊರಗಿನ ಕೊಳದ ಮಟ್ಟಕ್ಕೂ ಗೆರೆ ಎಳೆದು, ಪಂಪು ಬಂದ್ ಮಾಡಿ, ಒಂದು ದಿನ ಬಿಟ್ಟು ನೋಡಬೇಕು. ಎರಡೂ ಸಮವಾಗಿ ಇಳಿದಿದ್ದರೆ ನೀರನ್ನು ಕುಡಿದವನು ಸೂರ್ಯ. ಕೊಳದ್ದು ಹೆಚ್ಚು ಇಳಿದಿದ್ದರೆ ಗೋಡೆಯನ್ನೋ ಕೊಳವೆಯನ್ನೋ ಹುಡುಕಬೇಕು. ನಮ್ಮಲ್ಲಿ ಸೂರ್ಯನದೇ ಕೆಲಸವಾಗಿತ್ತು. ದಿನಕ್ಕೆ 6 ಮಿಲಿಮೀಟರ್ ಆರಿದರೂ ಅಷ್ಟು ಹರವಿನ ಮೇಲೆ 250 ಲೀಟರ್. ಹದಿನಾರು ಹದಿನೇಳು ಕೊಡ. ಹಾಗೆಯೇ ಬಿಟ್ಟರೆ ಅಕ್ಟೋಬರಿನಿಂದ ಮೇ ತಿಂಗಳವರೆಗೆ ಇನ್ನೊಂದು ಕೊಳದಷ್ಟು ನೀರು ಆಕಾಶಕ್ಕೆ ಹೋಗುತ್ತದೆ. ಆದ್ದರಿಂದ ಈಸುವ ಹೊತ್ತು ಬಿಟ್ಟು ಉಳಿದೆಲ್ಲ ಹೊತ್ತು ಕೊಳಕ್ಕೆ ಹೊದಿಕೆ ಹಾಕುತ್ತೇವೆ. ಅದರಿಂದ ಆರುವುದು ಅರ್ಧಕ್ಕಿಂತ ಕಡಿಮೆಯಾಗಿದೆ. ಬೇಸಿಗೆಯಲ್ಲಿ ಸ್ವಲ್ಪ ಮೇಲಾಟ ತುಂಬುವುದು ತಪ್ಪುವುದಿಲ್ಲ.

“ನೀರು ವಾರಕ್ಕೊಮ್ಮಿ ಚೆಲ್ಲತೀರೇನ್ರಿ?” ಎಂದು ಬಂದವರೆಲ್ಲ ಕೇಳುತ್ತಾರೆ. ಚೆಲ್ಲುವುದಿಲ್ಲ. ಸರಿಯಾಗಿ ಸೋಸುತ್ತ ಹೋದರೆ ಅದೇ ನೀರು ವರ್ಷಗಟ್ಟಲೆ ಇರುತ್ತದೆ. ಒಂದು ಎಚ್.ಪಿ. ಪಂಪು ಆರು ತಾಸಿಗೆ ಇಡೀ ಕೊಳವನ್ನು ಮರಳಿನ ಸೋಸುಗದ ಮೂಲಕ ಒಮ್ಮೆ ದಾಟಿಸುತ್ತದೆ. ಕ್ಲೋರಿನ್ ಹಾಕುವುದು ಸಂಜೆ; ಹಗಲಲ್ಲಿ ಹಾಕಿದರೆ ಬಿಸಿಲೇ ಅದನ್ನು ತಿಂದುಬಿಡುತ್ತದೆ. ನೀರಿನ ಹುಳಿ-ಕ್ಷಾರದ ಹದ 7.2ರಿಂದ 7.8ರ ನಡುವೆ ಇರಬೇಕು. ಅದಕ್ಕೂ ಮೇಲೆ ಹೋದರೆ ಕ್ಲೋರಿನ್ ಇದ್ದೂ ಇಲ್ಲದಂತೆ, ರಜೆಯ ಮೇಲಿರುವ ಪೊಲೀಸನಂತೆ. ಸಣ್ಣ ನಳಿಕೆಯಲ್ಲಿ ನೀರು ಹಿಡಿದು ಎರಡು ಹನಿ ಔಷಧ ಬಿಟ್ಟು ಬಣ್ಣ ನೋಡುತ್ತ ನಿಂತಾಗ ನನಗೆ ಮತ್ತೆ ಶಾಲೆಯ ಪ್ರಯೋಗಾಲಯದಲ್ಲಿದ್ದಂತೆ ಆಗುತ್ತದೆ. ಮರಳು ತೊಳೆದ ನೀರನ್ನೂ ಹಾಳು ಮಾಡುವುದಿಲ್ಲ. ಒಂದು ತೊಟ್ಟಿಯಲ್ಲಿ ಎರಡು ದಿನ ಬಿಸಿಲಿಗೆ ಬಿಟ್ಟು, ಕ್ಲೋರಿನ್ ಹೋದ ಮೇಲೆ ತೆಂಗಿನ ಬುಡಕ್ಕೆ ಹಾಯಿಸುತ್ತೇವೆ.

ಇವೆಲ್ಲ ನೀರನ್ನು ಕಾಯುವ ಮಾತಾಯಿತು. ಕೊಳವಿರುವವನ ನಿಜವಾದ ಕೆಲಸ ಮನುಷ್ಯರನ್ನು ಕಾಯುವುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ನೀರಿಗೆ ಸಿಕ್ಕು ಸತ್ತವರು ಸುಮಾರು 3 ಲಕ್ಷ. ಅವರಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಐದು ವರ್ಷದೊಳಗಿನ ಕೂಸುಗಳು. ಸಿನೆಮಾದಲ್ಲಿ ಮುಳುಗುವವರು ಕೈ ಎತ್ತಿ ಕೂಗುತ್ತಾರೆ. ನಿಜದಲ್ಲಿ ಮುಳುಗುವ ಮಗು ಕೂಗುವುದಿಲ್ಲ. ಉಸಿರಿಗೇ ಬಾಯಿ ಸಾಲದಾಗ ಕೂಗಲು ಬಾಯೆಲ್ಲಿ? ಪಕ್ಕದಲ್ಲಿ ಹರಟೆ ಹೊಡೆಯುತ್ತ ಕುಳಿತವರಿಗೂ ಗೊತ್ತಾಗದಂತೆ, ಒಂದೆರಡು ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತದೆ. ಆದ್ದರಿಂದ ಕೊಳದ ಸುತ್ತ ನಾಲ್ಕಡಿ ಮೀರಿದ ಕಂಬಿ ಹಾಕಿಸಿದೆವು. ಬಾಗಿಲು ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ, ಅಗುಳಿ ಮಕ್ಕಳ ಕೈಗೆ ಎಟುಕುವುದಿಲ್ಲ. ತಳದಲ್ಲಿ ನೀರು ಎಳೆಯುವ ಕಿಂಡಿ ಒಂದೇ ಇದ್ದರೆ ಅದರ ಸೆಳೆತಕ್ಕೆ ಕೂದಲೋ ಕೈಯೋ ಸಿಕ್ಕೀತೆಂದು ದೂರದೂರಕ್ಕೆ ಎರಡು ಕಿಂಡಿ. ಒಂದು ಉದ್ದನೆಯ ಬಿದಿರಿನ ಗಳ, ಗಾಳಿ ತುಂಬಿದ ಒಂದು ಟ್ಯೂಬು ಸದಾ ದಂಡೆಯ ಮೇಲೆ. ಮಕ್ಕಳು ನೀರಿನಲ್ಲಿದ್ದರೆ ದೊಡ್ಡವರೊಬ್ಬರು ಫೋನು ಒಳಗಿಟ್ಟು ಬಂದು ಕೂತಿರಬೇಕು. ಈ ಕೊನೆಯ ಕಾನೂನನ್ನು ಪಾಲಿಸುವುದೇ ಎಲ್ಲಕ್ಕಿಂತ ಕಷ್ಟ ಎಂದು ಬೇರೆ ಹೇಳಬೇಕಾಗಿಲ್ಲ.

ಬಾಗಿಲು ಮುಗಿದ ದಿನ ಮಗ ಬೀಗ ತಂದ. ಬೀಗ ಬೇಕೆಂಬುದರಲ್ಲಿ ನಮ್ಮಿಬ್ಬರಲ್ಲಿ ಭೇದವಿರಲಿಲ್ಲ. ಅದನ್ನು ಯಾರಿಗೆ ತೆಗೆಯುವುದು ಎಂಬಲ್ಲಿ ಜಗಳ ಹತ್ತಿತು. ಕಂಬಿಯ ಹೊರಗೆ ಆಗಲೇ ಹುಡುಗರ ಹಿಂಡು ನಿಂತಿತ್ತು. ನಾನು ವಾರಕ್ಕೊಮ್ಮೆಯಾದರೂ ಅವರಿಗೆ ಈಸು ಕಲಿಸೋಣ ಎಂದೆ.

“ಅಪ್ಪಾ, ಇದು ಮನಿ ಕೊಳ. ಊರ ಕೆರಿ ಅಲ್ಲ. ನಾಳೆ ಒಂದು ಹುಡುಗಗ ಏನರ ಆದ್ರ ಯಾರು ಹೊಣಿ?”

ಅವನ ಪ್ರಶ್ನೆ ಕ್ಷುಲ್ಲಕದ್ದಲ್ಲ. ರಾತ್ರಿಯೆಲ್ಲ ವಿಚಾರ ಮಾಡಿದೆ. ಬೀಗ ಹಾಕಿಬಿಟ್ಟರೆ ನಮ್ಮ ಕೊಳದಲ್ಲಿ ಯಾರೂ ಮುಳುಗುವುದಿಲ್ಲ, ಖರೆ. ಆದರೆ ಆ ಹುಡುಗರು ಈಸುವುದನ್ನು ಬಿಡುತ್ತಾರೆಯೇ? ಕೃಷಿ ಹೊಂಡಕ್ಕೆ ಹೋಗುತ್ತಾರೆ, ಕಲ್ಲಿನ ಕಣಿಗೆ ಹೋಗುತ್ತಾರೆ, ರೇಣುಕಾಸಾಗರದ ಹಿನ್ನೀರಿಗೆ ಹೋಗುತ್ತಾರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಮುನವಳ್ಳಿಯ ಮನೆಗಳಿಗೆ ನುಗ್ಗಿದಾಗ ನೀರೇ ಜನರ ಹತ್ತಿರ ಬಂದಿತ್ತು. ನೀರು ಸುತ್ತಲೂ ಇರುವ ಕಡೆ ಈಸು ಬಾರದಿರುವುದೇ ದೊಡ್ಡ ಗಂಡಾಂತರ. ಮಕ್ಕಳಿಗೆ ಈಜು ಕಲಿಸುವುದು, ನೀರಿಗೆ ಬೇಲಿ ಹಾಕುವುದು ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ ಜೊತೆಜೊತೆಗೇ ಹೇಳುತ್ತದೆ. ಒಂದನ್ನು ಮಾಡಿ ಒಂದನ್ನು ಬಿಟ್ಟರೆ ಅರ್ಧ ಪಾಠ ಹೇಳಿದಂತೆ.

ಬೆಳಿಗ್ಗೆ ಕಾಗದದ ಮೇಲೆ ಕರಾರು ಬರೆದು ಮಗನ ಮುಂದಿಟ್ಟೆ. ರವಿವಾರ ಮುಂಜಾನೆ ಎರಡು ತಾಸು. ಒಂದು ಸಲಕ್ಕೆ ಆರು ಮಕ್ಕಳು. ಪ್ರತಿ ಮಗುವಿನ ಜೊತೆ ಮನೆಯ ಹಿರಿಯರೊಬ್ಬರು ದಂಡೆಯ ಮೇಲೆ. ಮೊದಲು ಜಳಕ, ಆಮೇಲೆ ನೀರು. ಉಳಿದ ಹೊತ್ತು ಬೀಗ. ಯಾವ ಓಣಿ, ಯಾವ ಕೇರಿ ಎಂಬ ಕಲಮು ಅದರಲ್ಲಿರಲಿಲ್ಲ. ಹುಡುಗಿಯರಿಗೆ ಬೇರೆ ತಾಸು, ಕಲಿಸುವವಳು ಸೊಸೆ. ಅವಳು ಪುಣೆಯಲ್ಲಿ ಕಲಿತವಳು, ಸೂಟಿಗೆ ತಿಂಗಳುಗಟ್ಟಲೆ ಇಲ್ಲಿಯೇ ಇರುತ್ತಾಳೆ. ಮಗ ಎರಡು ಸಲ ಓದಿ, “ಹಿರ್ಯಾರು ಬರಲಿಲ್ಲಂದ್ರ ಒಳಗ ಬಿಡಬ್ಯಾಡ” ಎಂದು ಕೆಳಗೆ ಗೆರೆ ಎಳೆದು ಕೊಟ್ಟ. ಅಪ್ಪ-ಮಗನ ನಡುವೆ ಅಷ್ಟಾದರೆ ಅದು ಸಹಿ ಮಾಡಿದಂತೆಯೇ.

ಕಲ್ಲಿನ ಕಣಿಯಲ್ಲಿ ಈಸು ಕಲಿತ ನನ್ನ ಆ ಗೆಳೆಯ ಸರಕಾರಿ ನೌಕರಿಯಿಂದ ನಿವೃತ್ತನಾಗಿ ಊರಲ್ಲಿಯೇ ಇದ್ದಾನೆ. ಅವನಿಗಿಂತ ಒಳ್ಳೆಯ ಗುರು ಯಾರು? ಮನೆಗೆ ಹೋಗಿ ಕರೆದೆ. ಚಹಾ ಕೊಟ್ಟ. ಬಹಳ ಹೊತ್ತು ಬೇರೆ ಮಾತಾಡಿದ. ಕಡೆಗೆ ನಗುತ್ತಲೇ, “ಬಾವ್ಯಾಗ ಇಳೀಬೇಕಂದಾಗ ಇಳಸಲಿಲ್ಲ. ಈಗ ಮೊಣಕಾಲು ಬ್ಯಾನಿ. ನಾ ಬರೂದಿಲ್ಲ ಮಾರಾಯ” ಎಂದ. ನಾನು ಏನೂ ಹೇಳಲಿಲ್ಲ, ಹೇಳುವಂಥದ್ದೂ ಇರಲಿಲ್ಲ. ಏಳುವಾಗ ಆತನೇ, “ಮೊಮ್ಮಗಳನ್ನ ಕಳಸ್ತೀನಿ. ಆಕಿಗೆ ಕಲಸ್ರಿ” ಎಂದ. ಕರಾರಿನಂತೆ ಹಿರಿಯರೊಬ್ಬರು ಬರಬೇಕಲ್ಲ, ಆತನೇ ಬಂದ. ಬಾಗಿಲಾಚೆ ಕಂಬಿ ಹಿಡಿದು ನಿಂತು, ಏಳನೆಯ ವರ್ಗದ ಆ ಹುಡುಗಿಗೆ ಹೊರಗಿನಿಂದಲೇ, “ಕಾಲು ಬಡೀಬ್ಯಾಡ, ಒದಿ! ತಲಿ ಕೆಳಗ!” ಎಂದು ಕೂಗುತ್ತಾನೆ. ಸೊಸೆ ಹೇಳಿದ್ದಕ್ಕಿಂತ ಅವನು ಕೂಗಿದ್ದೇ ಆ ಹುಡುಗಿಗೆ ಬೇಗ ತಿಳಿಯುತ್ತದೆ. ಮೂರನೆಯ ಬೇಸಿಗೆಗೆ ಅವಳು ಈ ತುದಿಯಿಂದ ಆ ತುದಿಗೆ ನಿಲ್ಲದೆ ಹತ್ತು ಸಲ ಹೋಗಿ ಬಂದಳು. ಗೆಳೆಯ ಇಂದಿಗೂ ಒಳಗೆ ಬಂದಿಲ್ಲ. ಬಾ ಎಂದು ನಾನೂ ಮತ್ತೆ ಕರೆದಿಲ್ಲ. ಅವನ ನಿಲುವು ಅವನದು. ಕಂಬಿಯ ಹೊರಗೆ, ಬೇವಿನ ನೆರಳಿನಲ್ಲಿ, ಒಂದು ಕಲ್ಲಿನ ಬಾಕು ಮಾತ್ರ ಹಾಕಿಸಿದ್ದೇನೆ.

ನನ್ನ ಹೆಂಡತಿ ಮುನವಳ್ಳಿಯವಳು, ಮಲಪ್ರಭೆಯ ದಂಡೆಯ ಮೇಲೆ ಬೆಳೆದವಳು. 1959ರಲ್ಲಿ ಆರತಿ ಸಹಾ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಮೊದಲ ಏಷ್ಯಾದ ಹೆಣ್ಣುಮಗಳಾದಳೆಂದು ಸಾಮಾನ್ಯ ಜ್ಞಾನದ ಪಾಠದಲ್ಲಿ ನಾವು ಕಲಿಸುತ್ತಿದ್ದೆವು. ಆದರೆ ನಮ್ಮ ಹೊಳೆಯ ದಂಡೆಯ ಹೆಣ್ಣುಮಕ್ಕಳಿಗೆ ನೀರು ಮೊಣಕಾಲಿನವರೆಗೆ ಮಾತ್ರ. ಕೊಳ ಕಟ್ಟುವಾಗ ಎಲ್ಲರಿಗಿಂತ ಹೆಚ್ಚು ವಿರೋಧಿಸಿದವಳು ಅವಳೇ. ಆದರೆ ಮೆಟ್ಟಿಲು ಇದ್ದವಲ್ಲ. ಒಂದು ಸಂಜೆ ಎರಡನೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕುಳಿತಳು. ಮರುವಾರ ಮೂರನೆಯದರ ಮೇಲೆ. ಬೇಸಿಗೆಯ ಒಂದು ರಾತ್ರಿ ದೀಪ ಆರಿಸಿ, ಸೊಸೆಯ ಚೂಡಿದಾರ ತೊಟ್ಟು, ಸೊಸೆಯ ಕೈ ಹಿಡಿದು ಇಳಿದಳು. ನನಗೆ ಜಗುಲಿಯಿಂದ ಈಚೆ ಬರಬಾರದೆಂದು ಆಜ್ಞೆಯಾಗಿತ್ತು. ಕತ್ತಲಲ್ಲಿ ನೀರಿನ ಸಪ್ಪಳ, ನಡುನಡುವೆ “ಅಯ್ಯ ಯವ್ವಾ!” ಎಂಬ ಕೂಗು, ಆಮೇಲೆ ಇಬ್ಬರೂ ನಕ್ಕ ಸದ್ದು. ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಅವಳು ಕಲಿತದ್ದು ಹೆಚ್ಚೇನಲ್ಲ. ಅಂಗಾತ ತೇಲುವುದು, ಅಷ್ಟೇ. ಈಸು ಕಲಿಯುವವರಿಗೆ ಅದೇ ಮೊದಲ ಪಾಠವೂ ಹೌದು, ಆಪತ್ತಿನಲ್ಲಿ ಅದೇ ಕೊನೆಯ ಉಪಾಯವೂ ಹೌದು.

ಊರವರು ಅದಕ್ಕೆ ಈಗ ಇಟ್ಟ ಹೆಸರು ‘ಮಾಸ್ತರ ಹೊಂಡ’. ಮೊದಮೊದಲು ಚೇಷ್ಟೆಗೆ ಅಂದದ್ದು. ಈಗ ದಾರಿ ಹೇಳುವುದಕ್ಕೂ ಅದೇ ಗುರುತು. ಹಣ ಕೊಟ್ಟವನು ಮಗ, ಹೆಸರು ಬಂದದ್ದು ನನಗೆ ಎಂದು ಅವನಿಗೆ ಒಳಗೊಳಗೆ ಸ್ವಲ್ಪ ಬೇಸರವಿದೆ. ಹೆಂಡತಿಗೂ ಆ ಹೆಸರು ಒಪ್ಪಿಗೆಯಿಲ್ಲ. “ಬೀಗದ ಕೈ ನನ್ನ ಸೆರಗಿನಾಗ ಐತಿ, ಹೊಂಡ ಮಾಸ್ತರ್ದು ಹೆಂಗಾತು?” ಎಂದು ಕೇಳುತ್ತಾಳೆ. ರವಿವಾರ ಮುಂಜಾನೆ ಏಳಕ್ಕೆ ಆ ಬೀಗ ತೆಗೆಯುವವಳೂ ಅವಳೇ, ಒಂಬತ್ತಕ್ಕೆ ಮಕ್ಕಳ ತಲೆ ಎಣಿಸಿ ಹಾಕುವವಳೂ ಅವಳೇ. ಎಣಿಕೆ ಮುಗಿಯುವವರೆಗೆ ಯಾರ ಜೊತೆಗೂ ಮಾತಾಡುವುದಿಲ್ಲ.